ಗಣಕಯಂತ್ರದ ಪರದೆಯೂ ಅನುಮೋದನೆಯ ದೋಷವೂ

ಪಾಪವನ್ನು ಮಾಡುವವನು, ಮಾಡಿಸುವವನು, ಮಾಡಿದ್ದಕ್ಕೆ ಒಪ್ಪುವವನು ಎಂಬ ಮೂವರನ್ನೂ ಜೈನಾಚಾರ್ಯರು ಒಂದೇ ಸಾಲಿನಲ್ಲಿ ನಿಲ್ಲಿಸಿದ್ದಾರೆ. ಕೃತ, ಕಾರಿತ, ಅನುಮೋದಿತ ಎಂಬ ಈ ವಿಭಾಗವು ಪಾಠಶಾಲೆಯ ಬಾಲಕನಿಗೂ ತಿಳಿದದ್ದು. ಸಂರಂಭ, ಸಮಾರಂಭ, ಆರಂಭಗಳನ್ನು ಮನೋವಾಕ್ಕಾಯಗಳಿಂದ ಗುಣಿಸಿ, ಅವನ್ನು ಕೃತ-ಕಾರಿತ-ಅನುಮೋದಿತಗಳಿಂದ ಗುಣಿಸಿ, ಕೊನೆಗೆ ನಾಲ್ಕು ಕಷಾಯಗಳಿಂದ ಗುಣಿಸಿದಾಗ ಬರುವ 108 ಎಂಬ ಸಂಖ್ಯೆಯನ್ನು ಹಿರಿಯರು ಜಪಮಾಲೆಯ ಮಣಿಗಳ ಲೆಕ್ಕಕ್ಕೆ ಒಂದು ಕಾರಣವಾಗಿ ಹೇಳುತ್ತ ಬಂದಿದ್ದಾರೆ. ಆ ಲೆಕ್ಕದಂತೆ ಮಾಲೆಯ 36 ಮಣಿಗಳು ಒಪ್ಪಿಗೆಯ ದೋಷವೊಂದಕ್ಕೇ ಮೀಸಲು.

ಇಷ್ಟಕ್ಕೇ ಮುಗಿಯಲಿಲ್ಲ. ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ವಿವರಿಸುವ ಹನ್ನೊಂದು ಪ್ರತಿಮೆಗಳಲ್ಲಿ ಹತ್ತನೆಯದು ಅನುಮತಿತ್ಯಾಗ. ಆರಂಭವನ್ನು ಬಿಟ್ಟು, ಪರಿಗ್ರಹವನ್ನೂ ಬಿಟ್ಟು ಮೇಲೇರಿದ ಶ್ರಾವಕನಲ್ಲಿಯೂ ಲೌಕಿಕ ಕಾರ್ಯಗಳಿಗೆ “ಆಗಲಿ” ಎಂದು ತಲೆದೂಗುವ ಅಭ್ಯಾಸವು ಉಳಿದಿರುತ್ತದೆ. ಅದನ್ನು ಬಿಡುವುದಕ್ಕಾಗಿಯೇ ಪ್ರತ್ಯೇಕವಾದ ಒಂದು ಮೆಟ್ಟಿಲನ್ನು ಇರಿಸಲಾಗಿದೆ. ಒಪ್ಪಿಗೆಯನ್ನು ಇಷ್ಟು ತೂಕದ ಕಾರ್ಯವೆಂದು ಎಣಿಸಿದ ಸಮಾಜವು ಇಂದು ದಿನಕ್ಕೆ ಎಷ್ಟು ಬಾರಿ ಒಪ್ಪಿಗೆ ನೀಡುತ್ತಿದೆ? ಯಾರಿಗೆ ನೀಡುತ್ತಿದೆ? ಓದಿ ನೀಡುತ್ತಿದೆಯೇ?

ಬೆಂಗಳೂರಿನ ಆರ್.ಟಿ. ನಗರವನ್ನೇ ನೋಡಬಹುದು. ರವೀಂದ್ರನಾಥ ಟಾಗೋರರ ಹೆಸರನ್ನು ಹೊತ್ತು, ದಿಣ್ಣೂರು ಮುಖ್ಯರಸ್ತೆಯಿಂದ ಸುಲ್ತಾನ್‌ಪಾಳ್ಯ, ಗಂಗಾನಗರಗಳವರೆಗೆ ಬೆಳೆದು ನಿಂತಿರುವ ಈ ಬಡಾವಣೆಯಲ್ಲಿ, ಊರಿನ ಬಸದಿಯೊಂದರ ಟ್ರಸ್ಟಿನ ಲೆಕ್ಕಪತ್ರಗಳನ್ನು ಮನೆಯ ಮುಂಗೋಣೆಯಲ್ಲಿಯೇ ಕುಳಿತು ನೋಡಿಕೊಳ್ಳುವ ನಿವೃತ್ತ ಗೃಹಸ್ಥರೊಬ್ಬರನ್ನು ಕಲ್ಪಿಸಿಕೊಳ್ಳುವುದು ಕಷ್ಟವಲ್ಲ. ಅವರ ಮನೆಯಲ್ಲಿ ನೀರನ್ನು ಇಂದಿಗೂ ಬಟ್ಟೆಯಲ್ಲಿ ಸೋಸದೆ ಬಳಸುವುದಿಲ್ಲ. ಸೂರ್ಯಾಸ್ತದ ನಂತರ ಒಲೆ ಹೊತ್ತುವುದಿಲ್ಲ. ಸಂಜೆ ಐದೂವರೆಯ ಹೊತ್ತಿಗೆ ಗಣಕಯಂತ್ರವು ತನ್ನಷ್ಟಕ್ಕೆ ತಾನೇ ಅಪ್‌ಡೇಟ್ ಮಾಡಿಕೊಂಡು ಮತ್ತೆ ತೆರೆದುಕೊಳ್ಳುತ್ತದೆ. ಪರದೆಯ ತುಂಬ ಒಂದು ಸೂಚನೆ ಕಾಣಿಸುತ್ತದೆ: “ಶಿಫಾರಸು ಮಾಡಲಾದ” ಬ್ರೌಸರ್ ವ್ಯವಸ್ಥೆಯನ್ನು ಅಳವಡಿಸಿಕೊಳ್ಳಬೇಕೇ ಎಂದು. ಅಳವಡಿಸಿಕೊಳ್ಳುವ ಗುಂಡಿಯು ನೀಲಿಬಣ್ಣದಲ್ಲಿ ಹೊಳೆಯುತ್ತದೆ. ಬೇಡವೆನ್ನುವ ಮಾತು ಕೆಳಗೆಲ್ಲೋ ತೆಳುವಾದ ಅಕ್ಷರಗಳಲ್ಲಿ ಅಡಗಿದೆ. ಅದೂ ನೇರವಾಗಿ “ಬೇಡ” ಎಂದಿರದೆ “ಮೂರು ದಿನಗಳ ನಂತರ ನೆನಪಿಸು” ಎಂದಿರುತ್ತದೆ. ಒಳಗಿನಿಂದ ಊಟಕ್ಕೆ ಕರೆ ಬರುತ್ತದೆ, ಹೊರಗೆ ಬೆಳಕು ಇಳಿಯುತ್ತಿದೆ. ಅವರು ನೀಲಿ ಗುಂಡಿಯನ್ನು ಒತ್ತಿ ಏಳುತ್ತಾರೆ. ನೀರಿನ ಸೂಕ್ಷ್ಮಜೀವಿಗಳ ವಿಷಯದಲ್ಲಿ ಅಷ್ಟು ಜಾಗೃತರಾದವರು ಯಾವುದಕ್ಕೆ ಒಪ್ಪಿದೆನೆಂಬುದನ್ನು ಅರಿಯದೆಯೇ ಒಪ್ಪಿದ್ದಾರೆ.

ಇಲ್ಲಿ ತಪ್ಪು ಯಾರದು? ಕೇಳಿದವನದೋ, ಒಪ್ಪಿದವನದೋ? ಇಬ್ಬರದೂ ಎಂಬುದು ಶಾಸ್ತ್ರಸಮ್ಮತವಾದ ಉತ್ತರ. ಆದರೆ ಎರಡು ತಪ್ಪುಗಳ ಜಾತಿ ಬೇರೆ.

ಬ್ರೌಸರ್ ಎಂದರೆ ಜಾಲತಾಣಗಳನ್ನು ತೆರೆದು ತೋರಿಸುವ ಸಾಧನ. ಬ್ಯಾಂಕಿನ ವ್ಯವಹಾರ, ಟ್ರಸ್ಟಿನ ತೆರಿಗೆ ವಿವರಗಳ ಸಲ್ಲಿಕೆ, ದಾನಿಗಳೊಡನೆ ಪತ್ರವ್ಯವಹಾರ, ಮಕ್ಕಳ ಶಾಲೆಯ ಶುಲ್ಕ ಎಲ್ಲವೂ ಈ ಒಂದು ಬಾಗಿಲಿನ ಮೂಲಕವೇ ಹಾದುಹೋಗುತ್ತವೆ. ಯಾರು ಯಾವ ಪುಟವನ್ನು ನೋಡಿದರು, ಯಾವ ಗುಪ್ತಪದವನ್ನು ಉಳಿಸಿದರು, ಏನನ್ನು ಹುಡುಕಿದರು ಎಂಬುದೆಲ್ಲವೂ ಈ ಬಾಗಿಲಿಗೆ ತಿಳಿದಿರುತ್ತದೆ. “ಯಾವುದಾದರೇನು, ಎಲ್ಲವೂ ಒಂದೇ” ಎನ್ನುವವರು ಒಂದು ಅಂಕಿಯನ್ನು ಗಮನಿಸಬೇಕು. ಜನರು ಬದಲಿಸದೆ ಬಿಡುವ ಮೊದಲ ಆಯ್ಕೆಯಾಗಿ ತನ್ನ ಹುಡುಕಾಟದ ಯಂತ್ರವೇ ಫೋನುಗಳಲ್ಲಿಯೂ ಬ್ರೌಸರ್‌ಗಳಲ್ಲಿಯೂ ಇರಬೇಕೆಂದು ಗೂಗಲ್ ಸಂಸ್ಥೆಯು 2021ನೆಯ ಒಂದೇ ವರ್ಷದಲ್ಲಿ ಇತರ ಸಂಸ್ಥೆಗಳಿಗೆ ಕೊಟ್ಟ ಹಣ 2,630 ಕೋಟಿ ಡಾಲರ್. ಈ ಲೆಕ್ಕವು ಅಮೆರಿಕದ ನ್ಯಾಯಾಲಯದಲ್ಲಿ 2023ರ ವಿಚಾರಣೆಯ ವೇಳೆ ಹೊರಬಂದಿತು. ಜನರು ಬದಲಿಸುವುದಿಲ್ಲ ಎಂಬ ಭರವಸೆಯ ಮೇಲೆ ಕೊಟ್ಟ ಹಣವಿದು. ಬೇರೊಂದು ಮಾತಿನಲ್ಲಿ ಹೇಳುವುದಾದರೆ, ಸಾಮಾನ್ಯ ಮನುಷ್ಯನ ಪ್ರಮಾದಕ್ಕೆ ಮಾರುಕಟ್ಟೆಯು ಕಟ್ಟಿದ ಬೆಲೆಯಿದು. ಆರ್.ಟಿ. ನಗರದ ಆ ಗೃಹಸ್ಥರು ಏನನ್ನೂ ಕೊಡಲಿಲ್ಲವೆಂದು ಭಾವಿಸಿ ಊಟಕ್ಕೆ ಎದ್ದರು. ಅವರು ಕೊಟ್ಟದ್ದಕ್ಕೆ ಇನ್ನೊಬ್ಬರು ಸಾವಿರಾರು ಕೋಟಿ ತೆರುತ್ತಿದ್ದಾರೆ.

ಈ ಪ್ರಶ್ನೆಗೆ ಒಂದು ಇತಿಹಾಸವಿದೆ, ಅದನ್ನು ತಿಳಿಯುವುದು ಉಪಯುಕ್ತ. ತನ್ನ ವಿಂಡೋಸ್ ವ್ಯವಸ್ಥೆಯೊಡನೆ ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಬ್ರೌಸರನ್ನು ಬಿಡಿಸಲಾಗದಂತೆ ಕಟ್ಟಿಕೊಟ್ಟುದಕ್ಕಾಗಿ ಮೈಕ್ರೋಸಾಫ್ಟ್ ಸಂಸ್ಥೆಯ ಮೇಲೆ ಅಮೆರಿಕ ಸರಕಾರವು 1998ರಲ್ಲಿ ದಾವೆ ಹೂಡಿತು. ಯುರೋಪಿನಲ್ಲಿ ಇದೇ ದೂರನ್ನು 2007ರ ಡಿಸೆಂಬರ್‌ನಲ್ಲಿ ಸಲ್ಲಿಸಿದ್ದು ನಾರ್ವೆ ದೇಶದ ಒಪೆರಾ ಸಂಸ್ಥೆ. ಎರಡು ವರ್ಷಗಳ ಬಳಿಕ, 2009ರ ಡಿಸೆಂಬರ್‌ನಲ್ಲಿ, ಮೈಕ್ರೋಸಾಫ್ಟ್ ಯುರೋಪಿಯನ್ ಆಯೋಗಕ್ಕೆ ಐದು ವರ್ಷಗಳ ಮಾತು ಕೊಟ್ಟಿತು: ವಿಂಡೋಸ್ ಅಪ್‌ಡೇಟ್ ಮೂಲಕವೇ ಒಂದು ಆಯ್ಕೆಯ ಪರದೆಯನ್ನು ಕಳುಹಿಸಿ, ಹನ್ನೆರಡು ಬ್ರೌಸರ್‌ಗಳನ್ನು ಬಳಕೆದಾರರ ಮುಂದಿಟ್ಟು, ಬೇಕಾದುದನ್ನು ಆರಿಸಿಕೊಳ್ಳಿರೆಂದು ಕೇಳುವುದಾಗಿ. 2010ರ ಮಾರ್ಚ್‌ನಿಂದ ಆ ಪರದೆಯು ಯುರೋಪಿನ ಮನೆಗಳಲ್ಲಿ ಕಾಣಿಸತೊಡಗಿತು. ಆ ವರ್ಷದ ನವೆಂಬರ್ ಹೊತ್ತಿಗೆ ಅದರ ಮೂಲಕ 8.4 ಕೋಟಿ ಬ್ರೌಸರ್‌ಗಳು ಇಳಿದವು. ಕೇಳಿದರೆ ಜನರು ಆರಿಸಿಕೊಳ್ಳುತ್ತಾರೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದರೆ ಕೇಳುವ ಬಗೆಯಲ್ಲಿಯೇ ಎಷ್ಟೊಂದು ಸೂಕ್ಷ್ಮವಿದೆಯೆಂಬುದನ್ನು ಆ ಪರದೆಯೇ ತೋರಿಸಿತು. ಮೊದಲು ಕರಡಿನಲ್ಲಿ ಸಂಸ್ಥೆಗಳ ಹೆಸರಿನ ಅಕ್ಷರಾನುಕ್ರಮವಿತ್ತು. ಹಾಗಿದ್ದಲ್ಲಿ ಆಪಲ್ ಸಂಸ್ಥೆಯೇ ಯಾವಾಗಲೂ ಮೊದಲು. ಆಕ್ಷೇಪ ಬಂದ ಮೇಲೆ ಪ್ರಮುಖವಾದ ಐದು ಬ್ರೌಸರ್‌ಗಳ ಸ್ಥಾನವನ್ನು ಪ್ರತಿಬಾರಿಯೂ ಚೀಟಿ ಎತ್ತಿದಂತೆ ಬದಲಿಸಲು ನಿಶ್ಚಯಿಸಲಾಯಿತು. ಐಬಿಎಂ ಸಂಸ್ಥೆಯ ರಾಬ್ ವೇರ್ ಎಂಬವರು ಆ ಚೀಟಿ ಎತ್ತುವ ಸೂತ್ರವನ್ನು ಪರೀಕ್ಷಿಸಿ, ಅದು ನಿಜವಾಗಿ ಸಮನಾಗಿ ಹಂಚುತ್ತಿಲ್ಲವೆಂದೂ, ಕೆಲವು ಹೆಸರುಗಳು ಕೆಲವು ಸ್ಥಾನಗಳಿಗೇ ಹೆಚ್ಚಾಗಿ ಬಂದು ಬೀಳುತ್ತಿವೆಯೆಂದೂ ತೋರಿಸಿದರು. ಕೆಲವೇ ದಿನಗಳಲ್ಲಿ ಸೂತ್ರವನ್ನು ತಿದ್ದಲಾಯಿತು. ಇನ್ನುಳಿದ ಏಳು ಬ್ರೌಸರ್‌ಗಳನ್ನು ಕಾಣಬೇಕಾದರೆ ಪರದೆಯನ್ನು ಪಕ್ಕಕ್ಕೆ ಸರಿಸಬೇಕಾಗಿತ್ತು. ಎಷ್ಟು ಜನ ಸರಿಸಿಯಾರು!

ಅದಕ್ಕಿಂತ ದೊಡ್ಡ ಪ್ರಮಾದವು ಮುಂದೆ ನಡೆಯಿತು. ವಿಂಡೋಸ್ 7ರ ಮೊದಲ ಸರ್ವೀಸ್ ಪ್ಯಾಕ್ ಬಂದಾಗ ಆಯ್ಕೆಯ ಪರದೆಯು ಅದರೊಳಗೆ ಸೇರಲೇ ಇಲ್ಲ. 2011ರ ಮೇ ತಿಂಗಳಿನಿಂದ 2012ರ ಜುಲೈವರೆಗೆ, ಹದಿನಾಲ್ಕು ತಿಂಗಳ ಕಾಲ, 1.5 ಕೋಟಿ ಬಳಕೆದಾರರಿಗೆ ಆ ಪ್ರಶ್ನೆಯನ್ನು ಕೇಳಲೇ ಇಲ್ಲ. ತಾಂತ್ರಿಕ ದೋಷವೆಂದು ಸಂಸ್ಥೆಯು ಕ್ಷಮೆ ಕೇಳಿತು. ಆಯೋಗವು 2013ರ ಮಾರ್ಚ್ 6ರಂದು 56.1 ಕೋಟಿ ಯೂರೋ ದಂಡವನ್ನು ವಿಧಿಸಿತು. ಕೊಟ್ಟ ಮಾತಿಗೆ ತಪ್ಪಿದುದಕ್ಕಾಗಿ ಇಂತಹ ದಂಡ ಬಿದ್ದದ್ದು ಅದೇ ಮೊದಲು. ಹದಿನಾಲ್ಕು ತಿಂಗಳ ಕಾಲ ಯಾರೂ ಅದನ್ನು ಗಮನಿಸಲಿಲ್ಲವೆಂಬುದೇ ಇಲ್ಲಿ ಮುಖ್ಯ. ತಮ್ಮನ್ನು ಕೇಳಬೇಕಾಗಿತ್ತು ಎಂಬುದನ್ನೇ ಅರಿಯದವರಿಗೆ ಕೇಳಲಿಲ್ಲವೆಂಬ ಕೊರಗು ಎಲ್ಲಿಂದ ಬರಬೇಕು?

ಭಾರತದ ಕಡೆಗೆ ತಿರುಗಿದರೆ ಚಿತ್ರವು ಬೇರೆ. 2024ರ ಮಾರ್ಚ್‌ನಿಂದ ಯುರೋಪಿನ ಡಿಜಿಟಲ್ ಮಾರುಕಟ್ಟೆಗಳ ಕಾಯಿದೆಯ ಬಾಧ್ಯತೆಗಳು ಜಾರಿಗೆ ಬಂದುವು. ಅಲ್ಲಿನ ಐಫೋನಿನಲ್ಲಿ ಸಫಾರಿಯನ್ನು ಮೊದಲ ಬಾರಿಗೆ ತೆರೆದಾಗ ಬ್ರೌಸರ್‌ಗಳ ಪಟ್ಟಿ ಮುಂದೆ ಬರುತ್ತದೆ. ಅಲ್ಲಿನ ವಿಂಡೋಸ್ ಬಳಕೆದಾರರು ಎಡ್ಜ್ ಬ್ರೌಸರನ್ನು ಬೇಕೆಂದರೆ ಕಿತ್ತುಹಾಕಬಹುದು. ಎಡ್ಜ್ ಅನ್ನು ತಾವಾಗಿ ತೆರೆಯದ ಹೊರತು, ಅದನ್ನೇ ಮುಖ್ಯ ಬ್ರೌಸರ್ ಮಾಡಿಕೊಳ್ಳಿರೆಂದು ಅವರನ್ನು ಕೇಳುವುದಿಲ್ಲವೆಂದು ಮೈಕ್ರೋಸಾಫ್ಟ್ 2025ರ ಜೂನ್‌ನಲ್ಲಿ ಪ್ರಕಟಿಸಿತು. ವಿಂಡೋಸಿನ ಈ ಸೌಜನ್ಯವು ಯುರೋಪಿನ ಆರ್ಥಿಕ ವಲಯದ ಗಡಿಗೆ ಬಂದು ನಿಲ್ಲುತ್ತದೆ. ಯಂತ್ರ ಅದೇ, ತಂತ್ರಾಂಶ ಅದೇ, ಬರೆದವರೂ ಅವರೇ. ಬ್ರಸೆಲ್ಸಿನ ಮನುಷ್ಯನನ್ನು ಪೀಡಿಸಬಾರದು, ಬೆಂಗಳೂರಿನವನನ್ನು ಮೂರು ದಿನಗಳಿಗೊಮ್ಮೆ ಪೀಡಿಸಬಹುದು ಎಂಬ ಭೇದಕ್ಕೆ ಯಾವ ತಾಂತ್ರಿಕ ಕಾರಣವೂ ಇಲ್ಲ. ಒಂದು ಕಡೆ ದಂಡದ ಭಯವಿದೆ, ಇನ್ನೊಂದು ಕಡೆ ಇಲ್ಲ. ದಂಡವಿದ್ದಲ್ಲಿ ಮಾತ್ರ ಪಾಲಿಸುವ ನಿಯಮವನ್ನು ವ್ರತವೆಂದು ಯಾರೂ ಕರೆಯುವುದಿಲ್ಲ. ಜೀವಗಳೆಲ್ಲವೂ ಸ್ವರೂಪದಲ್ಲಿ ಸಮಾನವೆಂದು ನಂಬಿದ ಧರ್ಮದವರಿಗೆ ಈ ಅಕ್ಷಾಂಶ-ರೇಖಾಂಶದ ನೀತಿಯು ಮೊದಲು ಕೋಪವನ್ನಲ್ಲದಿದ್ದರೂ ನಗೆಯನ್ನಾದರೂ ತರಬೇಕು.

ಭಾರತವು ಏನೂ ಮಾಡಿಲ್ಲವೆಂದಲ್ಲ. ಭಾರತೀಯ ಸ್ಪರ್ಧಾ ಆಯೋಗವು 2022ರ ಅಕ್ಟೋಬರ್ 20ರಂದು ಆಂಡ್ರಾಯ್ಡ್ ವಿಷಯದಲ್ಲಿ ಗೂಗಲ್‌ಗೆ 1,337.76 ಕೋಟಿ ರೂಪಾಯಿ ದಂಡ ವಿಧಿಸಿತು. 2023ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಲು ಒಪ್ಪಲಿಲ್ಲ. ಕೆಲವೇ ದಿನಗಳಲ್ಲಿ ಸಂಸ್ಥೆಯು, ಹೊಸ ಫೋನು ಅಥವಾ ಟ್ಯಾಬ್ಲೆಟನ್ನು ಸಿದ್ಧಪಡಿಸಿಕೊಳ್ಳುವಾಗ ಹುಡುಕಾಟದ ಯಂತ್ರವನ್ನು ಆರಿಸಿಕೊಳ್ಳುವ ಪರದೆಯನ್ನು ಭಾರತದಲ್ಲಿಯೂ ತೋರಿಸುವುದಾಗಿ ಹೇಳಿತು. ಮಾರ್ಚ್‌ನಲ್ಲಿ ಮೇಲ್ಮನವಿ ನ್ಯಾಯಮಂಡಳಿಯು ದಂಡವನ್ನು ಎತ್ತಿಹಿಡಿದು ಆಯೋಗದ ಹತ್ತು ನಿರ್ದೇಶನಗಳಲ್ಲಿ ನಾಲ್ಕನ್ನು ಕೈಬಿಟ್ಟಿತು. ದೊರೆತದ್ದು ಹುಡುಕಾಟದ ಯಂತ್ರದ ಆಯ್ಕೆ, ಅದೂ ಹೊಸ ಫೋನು ಕೊಳ್ಳುವವನಿಗೆ. ಮೇಜಿನ ಮೇಲಿನ ಗಣಕಯಂತ್ರದ ಮುಂದೆ ಕುಳಿತವನಿಗೆ ದೊರೆತದ್ದು ನೀಲಿ ಗುಂಡಿಯೊಂದೇ.

ಈಗ ಶಾಸ್ತ್ರದ ಮಾತಿಗೆ ಮರಳಬಹುದು. ಉಮಾಸ್ವಾಮಿಗಳು ಕಳವನ್ನು ವಿವರಿಸುವಾಗ ಬಳಸುವ ಪದ ಅದತ್ತಾದಾನ. ಕೊಟ್ಟಿರದುದನ್ನು ಎತ್ತಿಕೊಳ್ಳುವುದೆಂದು ಅದರ ಅರ್ಥ. ಬೀಗ ಒಡೆದಿರಬೇಕು, ಕತ್ತಲಾಗಿರಬೇಕು, ವಸ್ತು ಬೆಲೆಯುಳ್ಳದ್ದಾಗಿರಬೇಕು ಎಂಬ ಯಾವ ನಿಬಂಧನೆಯೂ ಅಲ್ಲಿಲ್ಲ. ಕೊಟ್ಟದ್ದೋ ಅಲ್ಲವೋ ಎಂಬುದೊಂದೇ ಪ್ರಶ್ನೆ. ಅಚೌರ್ಯಾಣುವ್ರತದ ಐದು ಅತಿಚಾರಗಳಲ್ಲಿ ಹೀನಾಧಿಕ ಮಾನೋನ್ಮಾನವೂ ಒಂದು. ಕೊಳ್ಳುವಾಗ ಹೆಚ್ಚಿನ ತೂಕದ ಬಟ್ಟು, ಮಾರುವಾಗ ಕಡಿಮೆ ತೂಕದ ಬಟ್ಟು ಇಡುವವನ ದೋಷವದು. ವ್ಯಾಪಾರವೇ ಕುಲವೃತ್ತಿಯಾಗಿದ್ದ ಸಮಾಜಕ್ಕೆ ಇದರ ವಿವರಣೆ ಬೇಕಿಲ್ಲ. ತಾತನ ಕಾಲದ ಅಂಗಡಿಯಲ್ಲಿ ತಕ್ಕಡಿಯ ನಾಲಗೆಯನ್ನು ಗಿರಾಕಿಗೆ ಕಾಣುವಂತೆ ಇರಿಸುತ್ತಿದ್ದುದು ಸುಮ್ಮನೆ ಅಲ್ಲ. ಹಾಗಾದರೆ ಒಂದು ತಟ್ಟೆಯಲ್ಲಿ ಬೆರಳಗಲದ ಹೊಳೆಯುವ ಗುಂಡಿ, ಇನ್ನೊಂದು ತಟ್ಟೆಯಲ್ಲಿ ಕಣ್ಣಿಗೆ ಕಾಣದ ಸಾಲು. ಒಪ್ಪಲು ಒಂದು ಒತ್ತು, ನಿರಾಕರಿಸಲು ಹತ್ತು ಒತ್ತು. ಒಪ್ಪಿದರೆ ಎಂದೆಂದಿಗೂ, ನಿರಾಕರಿಸಿದರೆ ಮೂರು ದಿನಕ್ಕೆ. ಈ ತಕ್ಕಡಿಗೆ ಏನೆಂದು ಹೆಸರು? 2021ರಲ್ಲಿ ವಿಂಡೋಸ್ 11 ಬಂದ ಹೊಸತರಲ್ಲಿ ಬೇರೆ ಬ್ರೌಸರನ್ನು ಮುಖ್ಯವಾಗಿಸಿಕೊಳ್ಳಬೇಕೆಂದವನು ಕಡತಗಳ ಒಂದೊಂದು ಬಗೆಗೂ ಬೇರೆಬೇರೆಯಾಗಿ ವ್ಯವಸ್ಥೆಯನ್ನು ಬದಲಿಸಬೇಕಾಗಿತ್ತು. ಟೀಕೆಗಳು ಹೆಚ್ಚಿದ ಮೇಲೆ 2022ರ ಮಾರ್ಚ್‌ನ ಅಪ್‌ಡೇಟಿನಲ್ಲಿ ಒಂದೇ ಗುಂಡಿಯನ್ನು ಕೊಡಲಾಯಿತು. ಮೊದಲೇ ಕೊಡಲು ಅಡ್ಡಿಯೇನಿತ್ತು?

ಅಪ್‌ಡೇಟಿನ ಬೆನ್ನಿಗೆ ಈ ಪ್ರಶ್ನೆಯನ್ನು ಕಟ್ಟಿ ಕಳುಹಿಸುವುದೂ ಆಕಸ್ಮಿಕವಲ್ಲ. ಅಪ್‌ಡೇಟ್ ಬೇಡವೆನ್ನುವ ಹಾಗಿಲ್ಲ. ಅದಿಲ್ಲದಿದ್ದರೆ ಯಂತ್ರಕ್ಕೆ ರಕ್ಷಣೆಯಿಲ್ಲ. ಬಸದಿಯ ಬಾಗಿಲಲ್ಲಿ ನಿಂತವನನ್ನು, ಒಳಗೆ ಹೋಗಲೇಬೇಕಾದವನನ್ನು ತಡೆದು ಇನ್ನೊಂದು ಕಾಗದಕ್ಕೆ ಸಹಿ ಕೇಳುವ ರೀತಿಯಿದು.

ಇದಕ್ಕೆ ಮೂರು ಆಕ್ಷೇಪಗಳು ಕೇಳಿಬರುತ್ತವೆ. ಸಂಸ್ಥೆಯು ಬ್ರೌಸರನ್ನು ಉಚಿತವಾಗಿ ಕೊಡುತ್ತಿರುವಾಗ ತನ್ನದನ್ನೇ ಮುಂದಿಡುವ ಅಧಿಕಾರ ಅದಕ್ಕಿದೆಯೆಂಬುದು ಮೊದಲನೆಯದು. ಮುಂದಿಡಲಿ, ಅಡ್ಡಿಯಿಲ್ಲ, ಮುಂದಿಡುವುದಕ್ಕೂ ತಕ್ಕಡಿಯನ್ನು ಒಂದು ಕಡೆಗೆ ಬಾಗಿಸುವುದಕ್ಕೂ ಇರುವ ಅಂತರವನ್ನು ಯಾವ ಅಂಗಡಿಯವನೂ ಬಲ್ಲ.

ಎರಡನೆಯ ಆಕ್ಷೇಪವು ಹೆಚ್ಚು ಗಂಭೀರವಾದದ್ದು: ಕೇಳದೆ ತೆಗೆದುಕೊಂಡರೂ ಒಳಿತೇ ಆದರೆ ದೋಷವೇನು? ಹೊಸ ಬ್ರೌಸರ್ ಹೆಚ್ಚು ಸುರಕ್ಷಿತವಾಗಿದ್ದರೆ ಗೃಹಸ್ಥನಿಗೆ ಲಾಭವೇ ಅಲ್ಲವೆ? ಇಲ್ಲಿ ಮೂಡುಬಿದಿರೆಯ ಧವಲಾದಿ ಸಿದ್ಧಾಂತಗ್ರಂಥಗಳ ವೃತ್ತಾಂತವನ್ನು ನೆನೆಯಬಹುದು. ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಕಾಪಾಡಿಕೊಂಡು ಬಂದ ಆ ತಾಳೆಗರಿಗಳು ದರ್ಶನಕ್ಕೆ ಮಾತ್ರವಿದ್ದುವು, ಓದುವುದಕ್ಕಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅವನ್ನು ಪ್ರತಿಮಾಡಿಸುವ ಕಾರ್ಯ ಆರಂಭವಾದಾಗ, ಪ್ರತಿಮಾಡುವ ಕಾರ್ಯದಲ್ಲಿದ್ದವರೇ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿಯನ್ನು ಮಾಡಿಕೊಂಡು, ಅದು ಉತ್ತರದ ಸಹಾರನ್‌ಪುರವನ್ನು ಸೇರಿತು. ಅಲ್ಲಿಂದ ಹರಡಿದ ಪ್ರತಿಗಳ ಆಧಾರದ ಮೇಲೆಯೇ 1939ರಿಂದ ಡಾ. ಹೀರಾಲಾಲ್ ಜೈನರ ಸಂಪಾದನೆಯಲ್ಲಿ ಧವಲಾ ಅಚ್ಚಾಗತೊಡಗಿತು. ಫಲವು ಅಮೂಲ್ಯವಾದದ್ದು, ಇಂದು ಸಿದ್ಧಾಂತವನ್ನು ಓದುವ ಯಾರೂ ಆ ಋಣದಿಂದ ಹೊರಗಿಲ್ಲ. ಹಾಗೆಂದು ಮೂಡುಬಿದಿರೆಯ ಪಾಲಕರು ಆ ಪ್ರತಿಗೆ ಅನುಮತಿ ನೀಡಿದ್ದರೆಂದು ಯಾರಾದರೂ ಹೇಳುವರೇ? ಒಳಿತಿನ ಲೆಕ್ಕ ಒಂದು ಪುಟದ್ದು, ಒಪ್ಪಿಗೆಯ ಲೆಕ್ಕ ಇನ್ನೊಂದು ಪುಟದ್ದು. ಮುಂದೆ ಮೂಲ ತಾಳೆಗರಿಗಳೊಡನೆ ಪಾಠವನ್ನು ಹೋಲಿಸಿ ನೋಡುವ ಅವಕಾಶವನ್ನು ಕೇಳಿದಾಗ ಮೂಡುಬಿದಿರೆಯವರು ಕೊಟ್ಟರು. ಕೇಳಿದರೆ ಕೊಡುವವರಿದ್ದರು ಎಂಬುದೂ ಆಗ ತಿಳಿಯಿತು. ಜ್ಞಾನಪ್ರಸಾರದ ಹಂಬಲದಲ್ಲಿ ನಡೆದ ಅಂತಹ ಕಾರ್ಯದ ವಿಷಯದಲ್ಲಿಯೇ ಮನಸ್ಸು ಇನ್ನೂ ತೂಗಿ ನೋಡುತ್ತಿರುವಾಗ, ಲಾಭಕ್ಕಾಗಿ ಗುಂಡಿಗೆ ಬಣ್ಣ ಹಚ್ಚುವವರಿಗೆ ಆ ನೆಪವನ್ನು ಬಿಟ್ಟುಕೊಡುವುದು ತರವಲ್ಲ.

ಮೂರನೆಯ ಆಕ್ಷೇಪವು ಧರ್ಮಶ್ರದ್ಧೆಯುಳ್ಳ ಹಿರಿಯರಿಂದಲೇ ಬರುವುದು. ವಿಕಲ್ಪಗಳನ್ನು ಕಡಿಮೆ ಮಾಡಿಕೊಳ್ಳಿರೆಂದು ಧರ್ಮವು ಹೇಳುತ್ತಿರುವಾಗ ಹನ್ನೆರಡು ಬ್ರೌಸರ್‌ಗಳ ಪಟ್ಟಿಯನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುವುದು ಯಾವ ಸಾಧನೆ ಎಂದು ಅವರು ಕೇಳುತ್ತಾರೆ. ಈ ಮಾತಿನಲ್ಲಿ ಸತ್ಯವಿದೆ. ಪಟ್ಟಿ ಉದ್ದವಾದಷ್ಟೂ ಆಯ್ಕೆ ನಿಜವಾಗುವುದಿಲ್ಲವೆಂಬುದೂ ಸತ್ಯ; ಕ್ರೋಮ್, 2013ರಿಂದ ಒಪೆರಾ, 2020ರಿಂದ ಎಡ್ಜ್ ಇವೆಲ್ಲವೂ ಒಳಗೆ ಕ್ರೋಮಿಯಂ ಎಂಬ ಒಂದೇ ಆಧಾರದ ಮೇಲೆ ನಿಂತಿವೆ; ಫೈರ್‌ಫಾಕ್ಸ್, ಸಫಾರಿಗಳಂತಹ ಕೆಲವು ಮಾತ್ರ ಬೇರೆ ಅಡಿಪಾಯದವು. ಹೆಸರು ಹತ್ತು, ಅಡುಗೆ ಒಂದೇ. ಆದರೂ ತ್ಯಾಗಕ್ಕೂ ಅಜ್ಞಾನಕ್ಕೂ ಭೇದವಿದೆ. ಹತ್ತನೆಯ ಪ್ರತಿಮೆಯ ಶ್ರಾವಕನು ಅನುಮತಿಯನ್ನು ಬಿಡುತ್ತಾನೆ, ಅದನ್ನು ಕಳೆದುಕೊಳ್ಳುವುದಿಲ್ಲ. ತನ್ನ ಬಳಿ ಇದೆಯೆಂದು ತಿಳಿಯದ ವಸ್ತುವನ್ನು ಬಿಟ್ಟೆನೆಂದು ಹೇಳುವವನ ತ್ಯಾಗವನ್ನು ಯಾವ ಗುರುವೂ ಲೆಕ್ಕಕ್ಕೆ ಹಿಡಿಯಲಾರ. ಅಲ್ಲದೆ ಆ ಹಿರಿಯರು ವಿಕಲ್ಪವನ್ನು ಬಿಟ್ಟು ಕುಳಿತ ಹೊತ್ತಿನಲ್ಲಿ ಅವರ ಪರವಾಗಿ ಬೇರೊಬ್ಬನು ವಿಕಲ್ಪವನ್ನು ಆರಿಸಿಯೇ ಇರುತ್ತಾನೆ.

ಸ್ವದೇಶಿಯೆಂಬ ಉತ್ತರವೂ ಇದೆ, ಅದಕ್ಕೆ ಹೆಚ್ಚು ಪುಟ ಬೇಕಿಲ್ಲ. ಬೆಂಗಳೂರಿನ ಹಿಡನ್ ರಿಫ್ಲೆಕ್ಸ್ ಎಂಬ ಸಂಸ್ಥೆಯೇ 2010ರಲ್ಲಿ ಭಾರತೀಯ ಭಾಷೆಗಳಲ್ಲಿ ಬರೆಯುವ ಸೌಕರ್ಯದೊಡನೆ ಎಪಿಕ್ ಬ್ರೌಸರನ್ನು ಹೊರತಂದಿತು. 2013ರಲ್ಲಿ ಅದನ್ನು ಖಾಸಗಿತನವನ್ನೇ ಮುಖ್ಯವಾಗಿಟ್ಟುಕೊಂಡ ಬ್ರೌಸರಾಗಿ ಮಾರ್ಪಡಿಸಿತು. ಕೇಂದ್ರ ಸರಕಾರವು 2023ರಲ್ಲಿ ಭಾರತೀಯ ಬ್ರೌಸರಿಗಾಗಿ ನಡೆಸಿದ ಸ್ಪರ್ಧೆಯಲ್ಲಿ ಜೋಹೋ ತಂಡವು ಗೆದ್ದು, 2025ರ ಮಾರ್ಚ್‌ನಲ್ಲಿ ಒಂದು ಕೋಟಿ ರೂಪಾಯಿ ಬಹುಮಾನ ಪಡೆಯಿತು. ಸಂತೋಷದ ವಿಷಯವೇ. ಆದರೆ ಸ್ವದೇಶಿ ಗುಂಡಿಯನ್ನು ಓದದೆ ಒತ್ತಿದರೂ ಅದು ಓದದೆ ಒತ್ತಿದ್ದೇ.

ಇಲ್ಲಿಯವರೆಗೆ ಕೇಳುವವನ ತಪ್ಪಾಯಿತು. ಒಪ್ಪುವವನ ತಪ್ಪನ್ನು ಬಿಟ್ಟರೆ ಅರ್ಧ ಮಾತ್ರ ಹೇಳಿದಂತಾಗುತ್ತದೆ. ಮನೆಯ ಯಂತ್ರದ ಮೇಲೆ ಗುಂಡಿ ಒತ್ತುವ ಗೃಹಸ್ಥನು ತನ್ನದನ್ನು ಕೊಡುತ್ತಾನೆ. ಟ್ರಸ್ಟಿನ ಯಂತ್ರದ ಮೇಲೆ ಅದೇ ಗುಂಡಿಯನ್ನು ಒತ್ತುವ ಕಾರ್ಯದರ್ಶಿಯು ಕೊಡುವುದು ಯಾರದನ್ನು? ಅಭಿಷೇಕದ ಸೇವಾಕರ್ತರ ಹೆಸರುಗಳು, ಜೀರ್ಣೋದ್ಧಾರಕ್ಕೆ ಹಣ ಕೊಟ್ಟವರ ಪ್ಯಾನ್ ಸಂಖ್ಯೆಗಳು, ವಿಧವೆಯರ ಸಹಾಯನಿಧಿಯ ಫಲಾನುಭವಿಗಳ ವಿವರಗಳು, ವಿದ್ಯಾರ್ಥಿವೇತನದ ಅರ್ಜಿಗಳಲ್ಲಿನ ಮನೆಮನೆಯ ಬಡತನ ಎಲ್ಲವೂ ಆ ಯಂತ್ರದಲ್ಲಿರುತ್ತವೆ. ಇವೆಲ್ಲವೂ ನ್ಯಾಸ, ನಂಬಿ ಇಟ್ಟ ಠೇವಣಿ. ನ್ಯಾಸಾಪಹಾರವನ್ನು ಸತ್ಯಾಣುವ್ರತದ ಅತಿಚಾರಗಳಲ್ಲಿ ಎಣಿಸಲಾಗಿದೆ. ಇಟ್ಟವನು ಮರೆತರೂ ಇಟ್ಟುಕೊಂಡವನು ಮರೆಯುವಂತಿಲ್ಲ. ಬ್ರೌಸರ್ ಬದಲಾದಾಗ ಹಳೆಯದರಲ್ಲಿದ್ದ ಗುಪ್ತಪದಗಳನ್ನೂ ಪುಟಗಳನ್ನೂ ಹೊಸದಕ್ಕೆ ತಂದುಕೊಳ್ಳಲೇ ಎಂದು ಅದು ಕೇಳುತ್ತದೆ. ಖಾತೆಯೊಂದಕ್ಕೆ ಜೋಡಿಸಿದರೆ ಅವು ದೂರದ ಗಣಕಗಳಿಗೂ ಸಾಗುತ್ತವೆ. ಒಮ್ಮೆ “ಹೌದು” ಎಂದ ಕಾರ್ಯದರ್ಶಿಯು ನೂರಾರು ದಾನಿಗಳ ಪರವಾಗಿ, ಅವರನ್ನು ಕೇಳದೆ, ಹೌದೆಂದಿರುತ್ತಾನೆ. ಅವನಿಗೆ ದುರುದ್ದೇಶವಿಲ್ಲ, ಊಟದ ಹೊತ್ತಾಗಿತ್ತು ಅಷ್ಟೆ. ಪ್ರಮಾದಕ್ಕೆ ಎಂದಾದರೂ ದುರುದ್ದೇಶವಿರುವುದುಂಟೆ?

ಇನ್ನೂ ಒಂದು ಹೆಜ್ಜೆ ಒಳಗೆ ಹೋದರೆ ಮಾತು ಕಹಿಯಾಗುತ್ತದೆ. ನೀಲಿ ಗುಂಡಿಯ ವಿದ್ಯೆಯನ್ನು ಅನೇಕ ಟ್ರಸ್ಟುಗಳು ಗಣಕಯಂತ್ರಕ್ಕಿಂತ ಮೊದಲೇ ಕಲಿತಿದ್ದುವು. ಪಂಚಕಲ್ಯಾಣದ ಮಂಟಪದಲ್ಲಿ ಬೋಲಿಯ ಹೊತ್ತಿಗೆ, ದಾನಿಯು ಬಾಯಿ ತೆರೆಯುವ ಮೊದಲೇ ಧ್ವನಿವರ್ಧಕದಲ್ಲಿ ಅವನ ಹೆಸರನ್ನೂ ಮೊತ್ತವನ್ನೂ ಘೋಷಿಸಿ, ಸಭೆಯು ಚಪ್ಪಾಳೆ ತಟ್ಟಿದ ಮೇಲೆ “ಒಪ್ಪಿಗೆ ತಾನೇ?” ಎಂದು ಕೇಳುವ ಪದ್ಧತಿಯನ್ನು ಕಂಡಿರದವರು ಕಡಿಮೆ. ಸದಸ್ಯತ್ವದ ಅರ್ಜಿಯಲ್ಲಿ ಪತ್ರಿಕೆಯ ಚಂದಾ, ಊಟದ ನಿಧಿ, ಕಟ್ಟಡದ ನಿಧಿಗಳಿಗೆ ಮೊದಲೇ ಗುರುತು ಹಾಕಿ ಕೊಡುವುದು, ದೂರವಾಣಿ ಸಂಖ್ಯೆ ಕೊಟ್ಟವನನ್ನು ಕೇಳದೆ ಐದು ವಾಟ್ಸ್ಆ್ಯಪ್ ಗುಂಪುಗಳಿಗೆ ಸೇರಿಸುವುದು, ಹೊರಗೆ ಹೋದವನನ್ನು ಮತ್ತೆ ಸೇರಿಸುವುದು, ದಾನಿಗಳ ಪಟ್ಟಿಯನ್ನು ವಿವಾಹ ವೇದಿಕೆಗೋ ಚುನಾವಣೆಯ ಅಭ್ಯರ್ಥಿಗೋ ಕೊಡುವುದು, ಇವೆಲ್ಲವೂ ಧರ್ಮಕಾರ್ಯವೆಂಬ ಹೆಸರಿನಲ್ಲಿ ನಡೆಯುತ್ತಿವೆ. ದಾನವೆಂಬ ಪದಕ್ಕೇ ಕೊಡುವುದೆಂದು ಅರ್ಥ. ಚಪ್ಪಾಳೆಯಿಂದ ಕಿತ್ತುಕೊಂಡದ್ದು ಅದತ್ತವೇ. ಹೊರಗಿನ ಸಂಸ್ಥೆಯ ಕಡೆಗೆ ಬೆರಳು ತೋರುವ ಮೊದಲು ಈ ಪಟ್ಟಿಯನ್ನು ಓದಿಕೊಳ್ಳುವುದು ಒಳ್ಳೆಯದು. ಓದಿಕೊಂಡ ಮೇಲೂ ಬೆರಳು ತೋರಿಸಲೇಬೇಕು.

ಕಾನೂನು ಈ ವಿಷಯದಲ್ಲಿ ಟ್ರಸ್ಟುಗಳಿಗಿಂತ ಮುಂದೆ ಹೋಗಿದೆ. 2023ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ಒಪ್ಪಿಗೆಯು ಸ್ವತಂತ್ರವೂ ನಿರ್ದಿಷ್ಟವೂ ತಿಳಿದು ಕೊಟ್ಟದ್ದೂ ನಿಬಂಧನೆಯಿಲ್ಲದ್ದೂ ಸಂದಿಗ್ಧವಲ್ಲದ್ದೂ ಆಗಿರಬೇಕೆಂದು ವಿಧಿಸುತ್ತದೆ. ಒಪ್ಪಿಗೆ ನೀಡುವುದು ಎಷ್ಟು ಸುಲಭವೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕೆನ್ನುತ್ತದೆ. ಸೂಚನೆಯನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೆಯ ಅನುಸೂಚಿಯ 22 ಭಾಷೆಗಳಲ್ಲಿ ತನಗೆ ಬೇಕಾದುದರಲ್ಲಿ ಓದುವ ಅವಕಾಶವಿರಬೇಕೆನ್ನುತ್ತದೆ. ಕನ್ನಡವೂ ಅವುಗಳಲ್ಲಿ ಒಂದು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿದ್ದು, ಮುಖ್ಯ ಬಾಧ್ಯತೆಗಳಿಗೆ 18 ತಿಂಗಳ ಕಾಲಾವಕಾಶವಿದೆ. ಗಣಕದಲ್ಲಿ ದಾನಿಗಳ ಪಟ್ಟಿಯನ್ನು ಇಟ್ಟುಕೊಂಡ ಟ್ರಸ್ಟಿಗೂ ಈ ಕಾಯಿದೆ ಅನ್ವಯಿಸುವುದು. ಸಂಸತ್ತು 2023ರಲ್ಲಿ ಹೇಳಿದ್ದನ್ನು ಪಾಠಶಾಲೆಯ ಬಾಲಕನು ಮೊದಲೇ ಕಲಿತಿದ್ದನು ಎಂಬ ಹೆಮ್ಮೆ ಬೇಡ. ಕಲಿತೂ ಆಚರಿಸದವರ ಸಂಖ್ಯೆಯೇ ಹೆಚ್ಚು.

ಆದುದರಿಂದ ಎರಡು ಕೆಲಸಗಳು ಒಟ್ಟಿಗೇ ಆಗಬೇಕಾಗಿವೆ. ಟ್ರಸ್ಟಿನ ಗಣಕಯಂತ್ರದಲ್ಲಿ ಯಾವ ಬ್ರೌಸರ್ ಇರಬೇಕು, ಅದರಲ್ಲಿ ಏನನ್ನು ಉಳಿಸಬಹುದು, ಯಾವ ಖಾತೆಗೂ ಜೋಡಿಸಬಾರದೆ ಎಂಬುದನ್ನು ಕಾರ್ಯಕಾರಿ ಸಮಿತಿಯು ಚರ್ಚಿಸಿ ನಡಾವಳಿಯಲ್ಲಿ ಬರೆಯಬೇಕು. ಅಪ್‌ಡೇಟಿನ ನಂತರದ ಪರದೆಯನ್ನು ಇಬ್ಬರು ಓದದೆ ಒತ್ತಬಾರದು. ಸಮಾಜದಲ್ಲಿ ತಂತ್ರಾಂಶದ ಉದ್ಯೋಗದಲ್ಲಿರುವ ಮಕ್ಕಳಿಗೆ ಕೊರತೆಯಿಲ್ಲ; ಹೆಬ್ಬಾಳದ ಆಚೆ ಮಾನ್ಯತಾ ಪಾರ್ಕಿಗೆ ದಿನವೂ ಹೋಗಿಬರುವ ತರುಣರಲ್ಲಿ ಒಬ್ಬರು ಭಾನುವಾರದ ಪೂಜೆಯ ಬಳಿಕ ಒಂದು ಗಂಟೆ ಕುಳಿತರೆ ಹಿರಿಯರಿಗೆ ಇದನ್ನೆಲ್ಲ ಕಲಿಸಬಲ್ಲರು. ಎರಡನೆಯದಾಗಿ, ಯುರೋಪಿನವನಿಗೆ ಕೊಟ್ಟ ಪರದೆಯನ್ನು ಇಲ್ಲಿಯವನಿಗೂ, ಕನ್ನಡದಲ್ಲಿ, ಸಮನಾದ ಗುಂಡಿಗಳೊಡನೆ, “ಬೇಡ” ಎಂಬ ಮಾತಿನೊಡನೆ ಕೊಡಬೇಕೆಂದು ಕೇಳಬೇಕು. ಸ್ಪರ್ಧಾ ಕಾಯಿದೆಯ 19ನೆಯ ಪ್ರಕರಣದಂತೆ ಯಾವ ವ್ಯಕ್ತಿಯಾದರೂ, ಯಾವ ಗ್ರಾಹಕನಾದರೂ, ಅವರ ಸಂಘವಾದರೂ ಆಯೋಗದ ಮುಂದೆ ಮಾಹಿತಿ ಸಲ್ಲಿಸಬಹುದು. ಇದುವರೆಗಿನ ದೊಡ್ಡ ಪ್ರಕರಣಗಳಿಗೆ ದಾರಿ ತೆರೆದದ್ದೂ ಇಂತಹ ಅರ್ಜಿಗಳೇ. ಮಹಾವೀರ ಜಯಂತಿಯ ಮೆರವಣಿಗೆಯ ಪರವಾನಗಿಗಾಗಿ, ಅಂದು ಕಸಾಯಿಖಾನೆಗಳನ್ನು ಮುಚ್ಚಬೇಕೆಂಬ ಮನವಿಗಾಗಿ ವರ್ಷವರ್ಷವೂ ಕಚೇರಿಗಳ ಮೆಟ್ಟಿಲು ಹತ್ತುವ ಟ್ರಸ್ಟುಗಳಿಗೆ ಅರ್ಜಿ ಬರೆಯುವ ಕೈ ಹೊಸತಲ್ಲ. ಮುಂದಿನ ವಾರ್ಷಿಕ ಮಹಾಸಭೆಯ ಕಾರ್ಯಸೂಚಿಯಲ್ಲಿ, ಬೋಲಿಯ ಬಾಕಿ ವಸೂಲಿಯ ವಿಷಯಕ್ಕಿಂತ ಮೊದಲು, ಇದಕ್ಕೊಂದು ಸಾಲಿಗೆ ಸ್ಥಳ ದೊರೆಯಬೇಕು.